ಎಕ್ಸ್‌ರೇ ನಾರ್ಮಲ್, ಪಕ್ಕೆಲುಬು ಮಾತ್ರ ಮುರಿದಿತ್ತು

ಜುಲೈ ತಿಂಗಳ ಎರಡನೇ ಶನಿವಾರ. ಪುನರ್ವಸು ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಗದ್ದೆ ಅಂಚಿನಲ್ಲಿ ಹುಲ್ಲು ಕೊಯ್ದು, ಹೊರೆ ತಲೆ ಮೇಲಿಟ್ಟುಕೊಂಡು ಬರುತ್ತಿದ್ದೆ. ನಮ್ಮ ತೋಟಕ್ಕೂ ಮನೆಗೂ ನಡುವೆ ಒಂದು ಸಣ್ಣ ಹಳ್ಳ, ಅದರ ಮೇಲೆ ಅಡಿಕೆ ಮರದ ಕಾಲುಸಂಕ. ಮದುವೆಯಾಗಿ ಬಂದಾಗಿನಿಂದ ದಿನಕ್ಕೆ ನಾಲ್ಕು ಸಲ ದಾಟಿದ ಸಂಕ ಅದು. ಅವತ್ತು ಪಾಚಿ ಮೇಲೆ ಕಾಲು ಜಾರಿತು. ಹೊರೆ ಹಳ್ಳಕ್ಕೆ ಹೋಯಿತು. ನಾನು ಎಡ ಎದೆ ಕೆಳಗಾಗಿ ಸಂಕದ ಮರದ ಮೇಲೇ ಬಿದ್ದೆ.

ಒಂದು ನಿಮಿಷ ಉಸಿರೇ ಬರಲಿಲ್ಲ. ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿಲ್ಲ. ಮೇಲೆ ಮಳೆ, ಕೆಳಗೆ ಹಳ್ಳದ ಸದ್ದು, ಕೂಗಿದರೆ ಕೇಳುವವರಿಲ್ಲ. ಆಮೇಲೆ ನಿಧಾನಕ್ಕೆ ಉಸಿರು ಬಂತು, ಎದ್ದೆ, ಮನೆಗೆ ನಡೆದೇ ಬಂದೆ. ಜಗಲಿಯಲ್ಲಿದ್ದ ಅತ್ತೆ ಕೇಳಿದ್ದು, "ಎಂತ ಮಾರಾಯ್ತಿ, ಹುಲ್ಲು ಎಲ್ಲಿ?"

ಈಗ ಎಂಟನೇ ವಾರ. ಆರಾಮಾಗಿದ್ದೇನೆ. ಆದರೆ ಆ ಶನಿವಾರದಿಂದ ಹತ್ತನೇ ದಿನದವರೆಗೆ ಏನಾಗಿದೆ ಅಂತಲೇ ಗೊತ್ತಾಗದೆ ಅಲೆದೆನಲ್ಲ, ಅದನ್ನು ಬರೆದಿಡೋಣ ಅನ್ನಿಸಿತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಜಾರಿ ಬೀಳದವರು ಯಾರಿದ್ದಾರೆ?

ಮೊದಲ ರಾತ್ರಿ ಉಪ್ಪಿನ ಶಾಖ, ನೋವಿನ ಎಣ್ಣೆ. ಮಲಗಿದರೆ ಏಳಲು ಆಗುವುದಿಲ್ಲ, ಕೂತರೆ ಮಲಗಲು ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಒಂದು ಸೀನು ಬಂತು ನೋಡಿ, ಕಣ್ಣಲ್ಲಿ ನೀರು ಇಳಿಯಿತು. ಮೈ ಮೇಲೆ ಮಾತ್ರ ಏನೂ ಇಲ್ಲ. ಒಂದು ರೂಪಾಯಿ ಅಗಲದ ನೀಲಿ ಕಲೆ, ಅಷ್ಟೇ. ಭಾನುವಾರ ಸುಮ್ನೆ ಕಳೆಯಿತು. ಅಂದರೆ ಅಡುಗೆ ಮಾಡಿದೆ, ಎರಡು ದನದ ಹಾಲು ಕರೆದೆ, ಬಚ್ಚಲೊಲೆಗೆ ಬೆಂಕಿ ಹಾಕಿದೆ. ಎಲ್ಲ ಬಲಗೈಯಲ್ಲಿ.

ಸೋಮವಾರ ತಾಲೂಕು ಕೇಂದ್ರದ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಿ ಎಕ್ಸ್‌ರೇ ಬರೆದರು. ಎಕ್ಸ್‌ರೇಗೆ ಮೊದಲು ಗರ್ಭಿಣಿಯಾ ಅಂತ ಕೇಳುತ್ತಾರೆ, ನಾಚಿಕೊಳ್ಳಬೇಡಿ, ಅದು ಕೇಳಲೇಬೇಕಾದ ಪ್ರಶ್ನೆ. ಕರಿಮಣಿ, ಪಿನ್ನು, ಕೊಂಡಿ ಇರುವ ಒಳ ಉಡುಪು ಎಲ್ಲ ತೆಗೆಯಬೇಕು. ನಾನು ಹಿಂದೆ ಕೊಂಡಿ ಇರುವ ಬ್ಲೌಸ್ ಹಾಕಿಕೊಂಡು ಹೋಗಿದ್ದೆ. ಬಿಚ್ಚಲು ಕೈ ಹಿಂದಕ್ಕೆ ಹೋಗಲೊಲ್ಲದು. ಕೊನೆಗೆ ಅಲ್ಲಿನ ಆಯಾ ಬಂದು ಬಿಚ್ಚಿದರು. ಎದೆಗೆ ಪೆಟ್ಟಾದ ಹೆಂಗಸರು ಯಾರೇ ಆಗಲಿ, ಮುಂದೆ ಗುಂಡಿ ಇರುವ ಬ್ಲೌಸೋ ನೈಟಿಯೋ ಹಾಕಿಕೊಂಡು ಹೋಗಿ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಅಂದರೂ ತಪ್ಪಿಲ್ಲ.

ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು ಅಂದರು, "ನಾರ್ಮಲ್ ಇದೆ ಅಮ್ಮ. ಮೂಳೆಗೆ ಏನೂ ಆಗಿಲ್ಲ. ಸ್ನಾಯುವಿನ ನೋವು." ಐದು ದಿನದ ಮಾತ್ರೆ, ಒಂದು ಮುಲಾಮು. ಎಕ್ಸ್‌ರೇಗೆ 350, ಮಾತ್ರೆ ಮುಲಾಮಿಗೆ 210 ರೂಪಾಯಿ.

ಈ 'ನಾರ್ಮಲ್' ಅನ್ನೋ ಪದ ಇದೆಯಲ್ಲ, ಅದು ನನಗಿಂತ ಮೊದಲು ಮನೆ ಸೇರಿತು. ನಮ್ಮನೆಯವರು ದಾರಿಯಲ್ಲೇ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದರು. ಮಂಗಳವಾರದಿಂದ ಯಾರೂ ನನ್ನನ್ನು "ನೋವು ಹೇಗಿದೆ" ಅಂತ ಕೇಳಲಿಲ್ಲ. ಕೇಳಿದರೂ "ಎಕ್ಸ್‌ರೇಲಿ ಏನೂ ಇಲ್ಲ ಅಂದ್ರಲ್ಲ" ಅನ್ನುವ ಬಾಲ ಇರುತ್ತಿತ್ತು. ಅವರನ್ನು ಬೈದು ಪ್ರಯೋಜನವಿಲ್ಲ. ನನಗೇ ನನ್ನ ಮೇಲೆ ಅನುಮಾನ ಬರಲು ಶುರುವಾಗಿತ್ತು. ವಯಸ್ಸು 47, ಮೈ ಸೋಮಾರಿಯಾಯಿತಾ? ನಾಟಕ ಆಡುತ್ತಿದ್ದೇನಾ? ಮಾತ್ರೆ ನುಂಗಿದ ಎರಡು ಗಂಟೆ ನೋವು ಕಮ್ಮಿಯಾದಾಗ "ನೋಡು, ಏನೂ ಇಲ್ಲ" ಅಂತ ನಾನೇ ನನಗೆ ಹೇಳಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಹಿಂಡಿ ಮೂಟೆ ಸ್ವಲ್ಪ ಜರುಗಿಸೋಣ ಅಂತ ಬಗ್ಗಿ ಎಳೆದೆ. ಎಡ ಎದೆಯ ಕೆಳಗೆ 'ಟಕ್' ಅಂತು. ಸದ್ದು ಕಿವಿಗೆ ಕೇಳಿದ್ದಲ್ಲ, ಕೈಗೆ ತಗುಲಿದ್ದು. ಹಸಿ ಸೌತೆಕಾಯಿ ಮುರಿದಾಗ ಬೆರಳಿಗೆ ಗೊತ್ತಾಗುತ್ತಲ್ಲ, ಹಾಗೆ. ಅಲ್ಲಿಂದ ಮುಂದೆ ಪಕ್ಕಕ್ಕೆ ತಿರುಗಿದಾಗಲೆಲ್ಲ ಅದು ಟಕ್ ಅನ್ನುತ್ತಿತ್ತು.

ಶನಿವಾರ ಅತ್ತೆಯ ಒತ್ತಾಯಕ್ಕೆ ಮೂಳೆ ಕಟ್ಟುವವರ ಹತ್ತಿರ ಹೋಗಿ ಬಂದೆ. ಅವರು ಒಳ್ಳೆಯವರೇ, ದುಡ್ಡಿನ ಆಸೆಯವರಲ್ಲ. ಆದರೆ ಎದೆ ಸುತ್ತ ಬಟ್ಟೆಯನ್ನು ಎಷ್ಟು ಬಿಗಿಯಾಗಿ ಸುತ್ತಿದರು ಅಂದರೆ, ನೋವು ಕಮ್ಮಿ ಆಯಿತು, ಉಸಿರೂ ಕಮ್ಮಿ ಆಯಿತು. ಕುತ್ತಿಗೆಯಲ್ಲೇ ಉಸಿರಾಡಿದ ಹಾಗೆ. ಭಾನುವಾರ ಸಂಜೆ ಕಫ ಕಟ್ಟಿದ ಹಾಗಾಗಿ, ಕೆಮ್ಮಲು ಧೈರ್ಯ ಸಾಲದೆ ಒದ್ದಾಡುತ್ತಿದ್ದಾಗ ಅಕ್ಕನ ಮಗಳ ಫೋನ್ ಬಂತು. ಅವಳು ಮಂಗಳೂರಿನಲ್ಲಿ ನರ್ಸ್.

"ಚಿಕ್ಕಮ್ಮ, ಮೊದಲು ಆ ಬಟ್ಟೆ ಬಿಚ್ಚು" ಅಂದಳು. ಎದೆ ಕಟ್ಟಿದರೆ ಶ್ವಾಸಕೋಶ ಪೂರ್ತಿ ಅರಳುವುದಿಲ್ಲ, ಕಫ ಕೆಳಗೆ ನಿಂತು ನ್ಯುಮೋನಿಯಾ ಆಗಬಹುದು, ಅದಕ್ಕೆ ಈಗ ಎಲ್ಲೂ ಎದೆ ಕಟ್ಟುವುದಿಲ್ಲವಂತೆ. ಆಮೇಲೆ ಕೇಳಿದಳು, "ಎಲ್ಲಿ ನೋವು? ಬೆನ್ನಿನ ಕಡೆಯಾ, ಬದಿಗಾ, ಮುಂದಕ್ಕಾ?" ಮುಂದೆ, ಎಡಗಡೆ ಎದೆಯ ಕೆಳಗೆ ಅಂದೆ. ಅವಳು ಹೇಳಿದ್ದು ನನಗೆ ಹೊಸ ವಿಷಯ. ಪಕ್ಕೆಲುಬು ಹಿಂದಿನಿಂದ ಮುಂದಿನವರೆಗೆ ಪೂರ್ತಿ ಮೂಳೆಯಲ್ಲ. ಮುಂಭಾಗದಲ್ಲಿ ಎದೆ ನಡುವಿನ ಮೂಳೆಗೆ ಸೇರುವ ತುಂಡು ಎಳೆ ಮೂಳೆ, ಅಂದರೆ ಕಾರ್ಟಿಲೇಜ್. ಕಿವಿ ಇರುವ ಹಾಗೆ. ಅದು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ವಯಸ್ಸಾಗಿ ಸುಣ್ಣ ಕಟ್ಟಿದ್ದರೆ ಮಾತ್ರ ಒಂದಿಷ್ಟು ಕಾಣುತ್ತದೆ. ಗಟ್ಟಿ ಮೂಳೆಯಲ್ಲಿ ಬಿರುಕು ಬಿಟ್ಟರೂ, ತುಂಡು ಸರಿಯದೆ ಇದ್ದರೆ, ಒಂದರ ಮೇಲೊಂದು ಬಿದ್ದ 24 ಪಕ್ಕೆಲುಬಿನ ನೆರಳಲ್ಲಿ ಎಕ್ಸ್‌ರೇಗೆ ಸಿಗದೆ ಹೋಗುವುದು ಮಾಮೂಲಿ.

"ಹಾಗಾದ್ರೆ ಆ ಡಾಕ್ಟರು ತಪ್ಪು ಹೇಳಿದ್ರಾ?"

"ಇಲ್ಲ ಚಿಕ್ಕಮ್ಮ. ಶ್ವಾಸಕೋಶ ಕುಸಿದಿಲ್ಲ, ರಕ್ತ ತುಂಬಿಲ್ಲ ಅಂತ ನೋಡೋಕೆ ಎಕ್ಸ್‌ರೇ ಬೇಕೇ ಬೇಕು. ಮೂಳೆ ಮುರಿದೇ ಇಲ್ಲ ಅಂತ ಹೇಳೋಕೆ ಮಾತ್ರ ಅದು ಸಾಲಲ್ಲ. ಶಿವಮೊಗ್ಗಕ್ಕೆ ಹೋಗಿ ಅಲ್ಟ್ರಾಸೌಂಡ್ ಮಾಡಿಸ್ತಾರಾ ಕೇಳು."

ಅಲ್ಟ್ರಾಸೌಂಡ್ ಅಂದರೆ ಬಸುರಿಯರಿಗೆ, ಇಲ್ಲ ಕಿಡ್ನಿ ಕಲ್ಲಿಗೆ ಅಂತ ತಿಳಿದುಕೊಂಡಿದ್ದವಳು ನಾನು. ಎದೆ ಮೂಳೆಗೂ ಅದಕ್ಕೂ ಏನು ಸಂಬಂಧ?

ಸೋಮವಾರ ಹಾಲು ಕರೆಯುವ ಕೆಲಸ ಮಗನಿಗೆ ಬಿಟ್ಟು ಬೆಳಿಗ್ಗೆ ಹೊರಟೆವು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ. ಹೆಂಗಸರಿಗೆ ಬಸ್ ಫ್ರೀ ಅಂತ ಬಯಲುಸೀಮೆಯ ನೆಂಟರು ಹೇಳುತ್ತಿರುತ್ತಾರೆ. ನಮ್ಮ ಕಡೆ ಓಡುವುದೆಲ್ಲ ಹೆಚ್ಚಾಗಿ ಖಾಸಗಿ ಬಸ್ಸು, ಹಾಗಾಗಿ ಟಿಕೆಟ್ ತೆಗೆದುಕೊಂಡೇ ಹೋದೆವು. ಹಿಂದಿನ ಸೀಟು ಬೇಡವೇ ಬೇಡ. ಡ್ರೈವರ್ ಹಿಂದೆ, ಎರಡು ಚಕ್ರದ ನಡುವೆ ಇರುವ ಸೀಟು ಹಿಡಿಯಿರಿ, ಒಂದು ದಿಂಬು ಎದೆಗೆ ಅಪ್ಪಿಕೊಂಡು ಕೂರಿ. ಮಂಡಗದ್ದೆ ಹತ್ತಿರ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು, ನಡುಗಡ್ಡೆ ಮರಗಳ ಮೇಲೆ ಹಕ್ಕಿಗಳು ಬೆಳ್ಳಗೆ ಕೂತಿದ್ದವು. ಬೇರೆ ದಿನವಾಗಿದ್ದರೆ ಕಿಟಕಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅವತ್ತು ರಸ್ತೆಯ ಹೊಂಡ ಎಲ್ಲಿ ಬರುತ್ತದೆ ಅಂತ ಮುಂದೆ ನೋಡುವುದೇ ಕೆಲಸ. ಸಕ್ರೆಬೈಲು ದಾಟಿ ಗಾಜನೂರು ಬಂದಾಗ ಅರ್ಧ ಜೀವ ಬಂತು.

ಶಿವಮೊಗ್ಗದಲ್ಲಿ ನೋಡಿದ ಮೂಳೆ ಡಾಕ್ಟರು ಹಳೆ ಎಕ್ಸ್‌ರೇ ನೋಡಿದರು. ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಇಲ್ಲದಿದ್ದರೆ ಇನ್ನೊಂದು ತೆಗೆಸಬೇಕಾಗುತ್ತದೆ. ಆಮೇಲೆ ಬೆರಳಿನಿಂದ ಒಂದೊಂದೇ ಪಕ್ಕೆಲುಬು ಒತ್ತುತ್ತಾ ಬಂದರು. ಎಂಟನೆಯದಕ್ಕೆ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಿಟಿ ಸ್ಕ್ಯಾನ್ ಬೇಕಾ ಅಂತ ನಮ್ಮನೆಯವರು ಕೇಳಿದರು. "ಬೈಕು, ಕಾರು ಗುದ್ದಿದ್ದು, ಮರದಿಂದ ಬಿದ್ದಿದ್ದು ಆದರೆ ನೇರ ಸಿಟಿಗೇ ಕಳಿಸ್ತಿದ್ದೆ. ಇವರಿಗೆ ನೋವು ಒಂದೇ ಜಾಗದಲ್ಲಿದೆ, ಬೆರಳಿಟ್ಟು ತೋರಿಸ್ತಾರೆ. ಅಲ್ಟ್ರಾಸೌಂಡ್‌ನಲ್ಲೇ ಗೊತ್ತಾಗುತ್ತೆ. ಖರ್ಚೂ ಕಮ್ಮಿ, ವಿಕಿರಣವೂ ಇಲ್ಲ" ಅಂದು ಚೀಟಿ ಬರೆದರು. ಫೀಸು 500.

ಅಲ್ಲೇ ಒಂದು ಮೆಷಿನ್ ಇಟ್ಟುಕೊಂಡು ಅವರೇ ನೋಡಬಾರದಿತ್ತಾ ಅಂತ ನನಗೆ ಅನ್ನಿಸಿತ್ತು. ಆಮೇಲೆ ಅಕ್ಕನ ಮಗಳು ಹೇಳಿದಳು. ಹೊರದೇಶಗಳಲ್ಲಿ ಎಮರ್ಜೆನ್ಸಿ ಡಾಕ್ಟರುಗಳು ರೋಗಿಯ ಮಂಚದ ಹತ್ತಿರವೇ ಈ ಮೆಷಿನ್ ತಂದು ಎದೆ ನೋಡಿಬಿಡುತ್ತಾರಂತೆ. ನಮ್ಮಲ್ಲಿ ದೊಡ್ಡ ಆಸ್ಪತ್ರೆಗಳ ಎಮರ್ಜೆನ್ಸಿಯಲ್ಲಿ ಇದೆ. ಆದರೆ ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಮಾಡಿದ ಕಾನೂನಿನ ಪ್ರಕಾರ ಮೆಷಿನ್ನು, ಅದಿರುವ ಜಾಗ, ಅದನ್ನು ಬಳಸುವ ಡಾಕ್ಟರು ಎಲ್ಲವೂ ನೋಂದಣಿ ಆಗಿರಬೇಕು. ಯಾರು ಬೇಕಾದರೂ ತಂದಿಟ್ಟುಕೊಂಡು ನೋಡುವ ಹಾಗಿಲ್ಲ. ಎಲ್ಲ ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೂ 'ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ' ಅಂತ ಬೋರ್ಡ್ ಇರುವುದು ಅದಕ್ಕೇ. ಕಾರಣ ಸರಿಯಾದದ್ದೇ. ಆದರೆ ಪಕ್ಕೆ ಮುರಿದವರೂ ಚೀಟಿ ಹಿಡಿದು ಬೀದಿ ಸುತ್ತಬೇಕು, ಅಲ್ವಾ.

ಸುತ್ತಿದೆವು. ಮೊದಲ ಸೆಂಟರಿನಲ್ಲಿ ಚೀಟಿ ತಿರುಗಿಸಿ ಮುರುಗಿಸಿ ನೋಡಿ, "ಎದೆಗೆ ಸಿಟಿ ಮಾಡ್ತಾರೆ, ಇಲ್ಲ ಎಕೋ ಮಾಡ್ತಾರೆ. ಇದು ನಮ್ಮಲ್ಲಿ ಮಾಡಲ್ಲ" ಅಂದರು. ಎಕೋ ಅಂದರೆ ಹೃದಯದ್ದು, ಅದಲ್ಲ ಅಂತ ಹೇಳುವಷ್ಟು ನನಗೂ ಆಗ ಗೊತ್ತಿರಲಿಲ್ಲ. ಸುಮ್ನೆ ಹೊರಗೆ ಬಂದೆವು. ಆಟೋಗೆ 60. ಎರಡನೇ ಕಡೆ "ಆಗುತ್ತೆ, ಆದರೆ ಮೇಡಂ ಬರೋದು ಹನ್ನೆರಡಕ್ಕೆ" ಅಂದರು. ಆಧಾರ್ ಕಾರ್ಡ್ ಕೇಳಿದರು, ಕೊಟ್ಟೆ. 1,200 ರೂಪಾಯಿ ಮೊದಲೇ ಕಟ್ಟಿಸಿಕೊಂಡರು. ಟೋಕನ್ 17.

ಹಾಲಿನ ಸೊಸೈಟಿ ಸದಸ್ಯೆಯಾದ್ದರಿಂದ ನನ್ನ ಹತ್ತಿರ ಯಶಸ್ವಿನಿ ಕಾರ್ಡ್ ಇತ್ತು. ಧೈರ್ಯವಾಗಿ ತೆಗೆದು ಕೌಂಟರಿನಲ್ಲಿಟ್ಟೆ. ಆಸ್ಪತ್ರೆಗೆ ದಾಖಲಾಗದೆ ಹೊರಗೆ ಮಾಡಿಸುವ ಸ್ಕ್ಯಾನಿಗೆ ಅದು ಬರುವುದಿಲ್ಲ ಅಂತ ವಾಪಸ್ ಕೊಟ್ಟರು. ಖರ್ಚು ಕಷ್ಟ ಅನ್ನುವವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಸರ್ಕಾರಿ ದೊಡ್ಡಾಸ್ಪತ್ರೆ, ಮೆಡಿಕಲ್ ಕಾಲೇಜಿಗೆ ಸೇರಿದ್ದು.

ಈಗ ನೀರಿನ ಕಥೆ. ಟೋಕನ್ ಕೊಟ್ಟ ಹುಡುಗಿ ಕಂಪ್ಯೂಟರಿನಲ್ಲಿ ಅದೇನು ಬರೆದುಕೊಂಡಳೋ, "ಆಂಟಿ, ಒಂದು ಲೀಟರ್ ನೀರು ಕುಡಿದು ಕೂತ್ಕೊಳ್ಳಿ, ಬಾತ್‌ರೂಮಿಗೆ ಹೋಗಬೇಡಿ" ಅಂದಳು. ನಾನು ಕೇಳಿದೆ, "ಎದೆಗೆ ಸ್ಕ್ಯಾನು ಅಲ್ವಾ?" "ಸ್ಕ್ಯಾನಿಂಗ್‌ಗೆ ಎಲ್ಲರೂ ಕುಡಿಬೇಕು." ಕುಡಿದೆ. ಹನ್ನೆರಡು ಕಳೆಯಿತು. ಮೇಡಂ ಬಂದರು, ಆದರೆ ತುರ್ತಾಗಿ ಒಬ್ಬ ಬಾಣಂತಿಯನ್ನು ಒಳಗೆ ಕರೆದುಕೊಂಡರು. ಒಂದು ಗಂಟೆ. ಕರೆಂಟು ಹೋಗಿ ಬಂತು. ಪಕ್ಕದ ಹೆಂಗಸು, "ಮಗಳು ಒಳಗಿದ್ದಾಳಾ? ಎಷ್ಟು ತಿಂಗಳು?" ಅಂದರು. ಇಲ್ಲ, ನನಗೇ ಅಂದೆ. ಅವರು ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಮಾತಾಡಲಿಲ್ಲ. ನನಗೆ ನಗು. ನಕ್ಕರೆ ಪಕ್ಕೆ ಕಿತ್ತು ಬರುತ್ತದೆ, ಜೊತೆಗೆ ಹೊಟ್ಟೆಯಲ್ಲಿ ಒಂದು ಲೀಟರ್ ನೀರು. ದಿಂಬು ಕಚ್ಚಿಕೊಂಡು ಕೂತೆ.

ನನ್ನನ್ನು ಒಳಗೆ ಕರೆದಾಗ ಎರಡೂ ಕಾಲು. ಮಂಚ ಹತ್ತಲು ಒದ್ದಾಡುವುದನ್ನು ನೋಡಿ ಮೇಡಂ ಕೇಳಿದರು, "ಯಾಕಮ್ಮ ಇಷ್ಟು ಕಷ್ಟ?" ನೀರಿನ ವಿಷಯ ಹೇಳಿದೆ. "ಅಯ್ಯೋ, ಪಕ್ಕೆಲುಬು ನೋಡೋಕೆ ನೀರು ಯಾಕೆ? ಮೊದಲು ಹೋಗಿ ಬನ್ನಿ" ಅಂದರು. ಬರೆದಿಟ್ಟುಕೊಳ್ಳಿ: ಎದೆಗೂಡಿನ ಸ್ಕ್ಯಾನಿಗೆ ನೀರು ಕುಡಿಯಬೇಕಿಲ್ಲ, ಉಪವಾಸವೂ ಬೇಕಿಲ್ಲ. ಡಾಕ್ಟರು ಬೇರೇನಾದರೂ ಸೇರಿಸಿ ಬರೆದಿದ್ದರೆ ಅವರನ್ನೇ ಕೇಳಿ.

ಮುಂದೆ ಆಗಿದ್ದೇ ನಾನು ಬರೆಯಬೇಕೆಂದುಕೊಂಡ ಮುಖ್ಯ ಭಾಗ. ಮೇಡಂ ಮೊದಲು ಹೇಳಿದ್ದು, "ಒಂದೇ ಬೆರಳಿನಿಂದ, ಎಲ್ಲಿ ಅತಿ ಹೆಚ್ಚು ನೋವು, ಅಲ್ಲಿ ಮುಟ್ಟಿ ತೋರಿಸಿ." ಅಂಗೈ ಇಟ್ಟು ಇಲ್ಲೆಲ್ಲ ಅಂದರೆ ಆಗದು. ನಾನು ಬೆರಳಿಟ್ಟ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದರು. ತಣ್ಣಗಿನ ಜೆಲ್ ಜಾಸ್ತಿಯೇ ಸುರಿದರು. ಜೆಲ್ ದಪ್ಪವಿದ್ದರೆ ಜಾಸ್ತಿ ಒತ್ತಬೇಕಾಗಿಲ್ಲವಂತೆ. ಪ್ರೋಬ್, ಅಂದರೆ ಮೈ ಮೇಲೆ ಆಡಿಸುವ ಹಿಡಿ, ಹೊಟ್ಟೆ ಸ್ಕ್ಯಾನಿನ ಹಾಗೆ ಬಾಗಿದ್ದಲ್ಲ, ನೇರ ಅಂಚಿನದು, ಬಾಚಣಿಗೆಯ ಬೆನ್ನಿನ ಹಾಗೆ. ಚರ್ಮದ ಹತ್ತಿರದ್ದನ್ನು ಸ್ಪಷ್ಟವಾಗಿ ನೋಡಲು ಅದೇ ಬೇಕು.

ಪರದೆ ನನ್ನ ಕಡೆಗೂ ತಿರುಗಿಸಿದರು. ಮೊದಲು ಪಕ್ಕೆಲುಬುಗಳಿಗೆ ಅಡ್ಡವಾಗಿ ಪ್ರೋಬ್ ಇಟ್ಟಾಗ ಬಿಳಿ ಬಿಳಿ ಕಮಾನು ಸಾಲಾಗಿ ಕಂಡವು, ಸೂರಿನ ಹಂಚು ತುದಿಯಿಂದ ನೋಡಿದ ಹಾಗೆ. ಒಂದೊಂದರ ಕೆಳಗೂ ಕಪ್ಪು. ಶಬ್ದದ ಅಲೆ ಮೂಳೆಯನ್ನು ದಾಟಿ ಹೋಗುವುದಿಲ್ಲ, ಮೇಲ್ಮೈಗೆ ಬಡಿದು ವಾಪಸ್ ಬರುತ್ತದೆ, ಅದಕ್ಕೇ ಮೂಳೆಯ ಹೊರಮೈ ಬೆಳ್ಳಗೆ, ಅದರ ಹಿಂದೆ ನೆರಳು. ಮೂಳೆಯ ಒಳಗೇನಿದೆ ಅಂತ ಕಾಣದಿದ್ದರೂ ಹೊರಮೈ ಬಿರುಕು ಬಿಟ್ಟಿದ್ದರೆ ಸಿಕ್ಕಿಬೀಳುತ್ತದೆ. ಆಮೇಲೆ ಪ್ರೋಬನ್ನು ಎಂಟನೇ ಪಕ್ಕೆಲುಬಿನ ಉದ್ದಕ್ಕೆ ತಿರುಗಿಸಿದರು. ಕಮಾನು ಹೋಗಿ ಒಂದೇ ಉದ್ದ ಬಿಳಿ ಗೆರೆ ಬಂತು. ಗೆರೆ ಹಿಡಿದು ನಿಧಾನಕ್ಕೆ ಮುಂದೆ ಬಂದರು. ನೇರ, ನೇರ, ನೇರ. ಪೆನ್ನಿನ ಗುರುತಿನ ಹತ್ತಿರ ಬಂದಾಗ ಗೆರೆ ತುಂಡಾಗಿ ಒಂದು ಮೆಟ್ಟಿಲು ಇಳಿಯಿತು. ಮೇಲೊಂದು ಕಪ್ಪು ಮಚ್ಚೆ, ಹೆಪ್ಪುಗಟ್ಟಿದ ರಕ್ತವಂತೆ. ಅಳೆದರು. ಮೆಟ್ಟಿಲು 2 ಮಿಲಿಮೀಟರ್ ಕೂಡ ಇಲ್ಲ.

"ಇಲ್ಲಿ ಮುರಿದಿದೆ" ಅಂದರು.

ಏಳನೆಯದರ ಮುಂಭಾಗದಲ್ಲಿ ಬಿಳಿ ಗೆರೆ ಮುಗಿದು ಬೂದು ಬಣ್ಣದ ಪಟ್ಟಿ ಶುರುವಾಗುತ್ತಿತ್ತು. ಅದೇ ಎಳೆ ಮೂಳೆ. ಅದರ ನಡುವೆ ಒಂದು ಕಪ್ಪು ಸೀಳು. "ಉಸಿರು ಎಳೆದುಕೊಳ್ಳಿ" ಅಂದರು. ಎಳೆದೆ. ಸೀಳಿನ ಎರಡು ಅಂಚು ಒಂದಕ್ಕೊಂದು ಸರಿದವು, ಒಳಗೆ ಟಕ್ ಅಂತು. ನನ್ನ ಟಕ್ ಅನ್ನೋದನ್ನು ನಾನೇ ಕಣ್ಣಾರೆ ನೋಡಿದೆ. ನಿಂತ ಚಿತ್ರದಲ್ಲಿ ಇದು ಸಿಗುವುದು ಕಷ್ಟ, ಉಸಿರಾಡಿಸಿ ಆ ಹೊತ್ತಿಗೇ ನೋಡಬಹುದು ಅನ್ನೋದೇ ಅಲ್ಟ್ರಾಸೌಂಡಿನ ಅನುಕೂಲ ಅಂತ ಮೇಡಂ ಹೇಳಿದರು. ಬಲಗಡೆಯ ಅದೇ ಪಕ್ಕೆಲುಬುಗಳನ್ನೂ ಹೋಲಿಸಿ ನೋಡಿದರು, ಅಲ್ಲಿ ಎಲ್ಲ ನಯವಾಗಿತ್ತು.

ನನಗೆ ಅಳು ಬಂತು. ನೋವಿಗಲ್ಲ. ಮುರಿದಿದೆ ಅಂತ ಕೇಳಿ ಯಾರಿಗಾದರೂ ಸಮಾಧಾನ ಆಗುತ್ತದಾ? ನನಗೆ ಆಯಿತು. ನಾಟಕ ಆಗಿರಲಿಲ್ಲ ಅದು.

ಅಷ್ಟಕ್ಕೇ ಬಿಡಲಿಲ್ಲ. ಎರಡು ಪಕ್ಕೆಲುಬಿನ ಸಂದಿಯಲ್ಲಿ ಶ್ವಾಸಕೋಶದ ಅಂಚು ನೋಡಿದರು. ಉಸಿರಾಡಿದಾಗಲೆಲ್ಲ ಅಲ್ಲಿ ಒಂದು ಹೊಳೆಯುವ ಗೆರೆ ಅತ್ತಿತ್ತ ಜಾರುತ್ತದೆ, ತೊಯ್ದ ಬಾಳೆಲೆ ಮೇಲೆ ಇನ್ನೊಂದು ಎಲೆ ಜಾರಿದ ಹಾಗೆ. ಹಾಗೆ ಜಾರುತ್ತಿದ್ದರೆ ಆ ಜಾಗದಲ್ಲಿ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡೇ ಇದೆ, ನಡುವೆ ಗಾಳಿ ಸೋರಿಲ್ಲ ಅಂತ ಅರ್ಥ. ನನಗೆ ಜಾರುತ್ತಿತ್ತು. ಆಮೇಲೆ ಬಾಗಿದ ಪ್ರೋಬ್ ತೆಗೆದುಕೊಂಡು, ನನ್ನನ್ನು ಕೂರಿಸಿ, ಬೆನ್ನಿನ ಕೆಳಗೆ ಎಡಗಡೆ ನೋಡಿದರು. ಅಲ್ಲಿ ಶ್ವಾಸಕೋಶದ ಹೊರಗೆ ಒಂದಿಷ್ಟು ನೀರು ನಿಂತಿತ್ತು. ಎಡಗಡೆ ಕೆಳಗಿನ ಪಕ್ಕೆಲುಬುಗಳ ಹಿಂದೆ ಗುಲ್ಮ, ಅಂದರೆ ಸ್ಪ್ಲೀನ್, ಇರುವುದರಿಂದ ಅದನ್ನೂ ನೋಡಿದರು, ಚೆನ್ನಾಗಿತ್ತು.

ಎಲ್ಲ ಸೇರಿ ಇಪ್ಪತ್ತು ನಿಮಿಷ. ಪ್ರೋಬ್ ಮುರಿದ ಜಾಗದ ಮೇಲೆ ಬಂದಾಗ ನೋವಾಗುತ್ತದೆ, ಹೇಳಿದರೆ ಕೈ ಹಗುರ ಮಾಡುತ್ತಾರೆ. ಇದರಲ್ಲಿ ಎಲ್ಲವೂ ಕಾಣುವುದಿಲ್ಲ ಅಂತಲೂ ಅವರೇ ಹೇಳಿದರು. ಬೆನ್ನಿನ ರೆಕ್ಕೆ ಮೂಳೆಯ ಅಡಿಯಲ್ಲಿರುವ ಪಕ್ಕೆಲುಬು, ಕತ್ತಿನ ಮುಂದಿನ ಅಡ್ಡ ಮೂಳೆಯ ಹಿಂದಿನದು, ಇವಕ್ಕೆ ಪ್ರೋಬ್ ತಲುಪುವುದಿಲ್ಲ. ನೋವು ಅಲ್ಲಿದ್ದರೆ ಈ ಸ್ಕ್ಯಾನ್ ನಂಬಿ ಕೂರುವ ಹಾಗಿಲ್ಲ.

ರಿಪೋರ್ಟ್ ಕೈಗೆ ಬರಲು ಇನ್ನೊಂದು ಗಂಟೆ. ಬಂದ ರಿಪೋರ್ಟಿನಲ್ಲಿ 'ಬಲಗಡೆ' ಅಂತ ಟೈಪಾಗಿತ್ತು! ನಮ್ಮನೆಯವರು ಗಮನಿಸಿದ್ದರಿಂದ ಆಯಿತು. ತಿದ್ದಿಸಲು ಮತ್ತೆ ನಲವತ್ತು ನಿಮಿಷ, ಟೈಪ್ ಮಾಡುವವನು ಊಟಕ್ಕೆ ಹೋಗಿದ್ದ. ರಿಪೋರ್ಟ್ ಬಂದ ಕೂಡಲೇ ಹೆಸರು, ವಯಸ್ಸು, ಎಡವೋ ಬಲವೋ, ಇಷ್ಟನ್ನು ಕೌಂಟರಿನಲ್ಲೇ ನಿಂತು ಓದಿ.

ಸಂಜೆ ಡಾಕ್ಟರಿಗೆ ತೋರಿಸಿದಾಗ ಅವರು ಹೇಳಿದ ಔಷಧ ಕೇಳಿ ನಮ್ಮನೆಯವರ ಮುಖ ಇಳಿಯಿತು. ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಬೇಕಾದಾಗ ಇನ್ನೊಂದು ನೋವಿನ ಮಾತ್ರೆ, ವಿಶ್ರಾಂತಿ. ಪ್ಲಾಸ್ಟರ್ ಇಲ್ಲ, ಪಟ್ಟಿ ಇಲ್ಲ. "ಮೊದಲಿನ ಡಾಕ್ಟರೂ ಇದನ್ನೇ ಕೊಟ್ಟಿದ್ದರಲ್ಲ. ಹಾಗಾದ್ರೆ ಈ ಸ್ಕ್ಯಾನ್ ಯಾಕೆ ಬೇಕಿತ್ತು?" ಅಂತ ಕೇಳಿಯೇಬಿಟ್ಟರು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. "ಔಷಧಿ ಅದೇ, ಒಪ್ತೀನಿ. ಆದರೆ ಮುರಿದಿದೆ ಅಂತ ಗೊತ್ತಿದ್ದರೆ ಇವರು ಹಿಂಡಿ ಮೂಟೆ ಎಳೀತಿದ್ರಾ? ಮತ್ತೆ ಈ ನೀರು. ಪೆಟ್ಟಾದ ಮೇಲೆ ದಿನ ಕಳೆದು ರಕ್ತ, ನೀರು ಸೇರೋದುಂಟು. ಅದನ್ನ ಬಿಟ್ಟರೆ ಆಗಲ್ಲ, ವಾರ ಬಿಟ್ಟು ಮತ್ತೆ ನೋಡಬೇಕು."

ನಾನು ಇದಕ್ಕೆ ಸೇರಿಸುವುದು ಇಷ್ಟೇ. ಬಿದ್ದು ನೋವಾದವರೆಲ್ಲ ಓಡಿ ಹೋಗಿ ಸ್ಕ್ಯಾನ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ದಿನ ಕಳೆದಂತೆ ನೋವು ಕಮ್ಮಿಯಾಗುತ್ತಿದ್ದರೆ ಬೇಡ. ಕಮ್ಮಿಯಾಗದೆ ಒಂದೇ ಕಡೆ ಚುಚ್ಚುತ್ತಿದ್ದರೆ, ಟಕ್ ಅನ್ನುತ್ತಿದ್ದರೆ, ಎಕ್ಸ್‌ರೇ ನಾರ್ಮಲ್ ಅಂತ ಸುಮ್ಮನಾಗಬೇಡಿ, ಡಾಕ್ಟರನ್ನು ಇನ್ನೊಮ್ಮೆ ಕೇಳಿ. ಉಸಿರು ಕಟ್ಟುವುದು, ಜ್ವರ, ಕಫದಲ್ಲಿ ರಕ್ತ, ತಲೆ ಸುತ್ತು, ಎಡಗಡೆ ಕೆಳಗೆ ಪೆಟ್ಟಾಗಿದ್ದರೆ ಹೊಟ್ಟೆ ಅಥವಾ ಎಡ ಭುಜದ ನೋವು, ಇವು ಬಂದರೆ ಸ್ಕ್ಯಾನಿಂಗ್ ಸೆಂಟರು ಹುಡುಕುತ್ತಾ ಕೂರದೆ ನೇರ ಎಮರ್ಜೆನ್ಸಿಗೆ ಹೋಗಿ ಅಂತ ನನಗೆ ಹೇಳಿದ್ದರು.

ವಾಪಸ್ ಬರಲು ಬಸ್ಸಿನ ಧೈರ್ಯ ಬರಲಿಲ್ಲ. ಬಾಡಿಗೆ ಕಾರಿಗೆ 2,600. ಇಡೀ ಕಥೆಯಲ್ಲಿ ದೊಡ್ಡ ಖರ್ಚು ಅದೇ, ಸ್ಕ್ಯಾನಲ್ಲ.

ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಒಂದನ್ನು ಕೊಟ್ಟರು, 280 ರೂಪಾಯಿ. ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆ ಎಳೆದರೆ ಚೆಂಡು ಮೇಲೇಳುತ್ತದೆ. ಶ್ವಾಸಕೋಶ ಪೂರ್ತಿ ಅರಳಲಿ ಅಂತ. ನಾನು ಎರಡು ದಿನ ಊದಿದೆ. ಚೆಂಡು ಅಲ್ಲಾಡಲಿಲ್ಲ. ಹಾಳಾದದ್ದು ಕೊಟ್ಟಿದ್ದಾರೆ ಅಂತ ಬೈದುಕೊಂಡಿದ್ದೆ. ಫೋನಿನಲ್ಲಿ ಅಕ್ಕನ ಮಗಳು ನಕ್ಕು ನಕ್ಕು, "ಊದೋದಲ್ಲ ಚಿಕ್ಕಮ್ಮ, ಎಳೆಯೋದು" ಅಂದಳು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಮಾತ್ರೆ ನುಂಗಿ ನೋವು ಕಮ್ಮಿ ಇರುವಾಗ ಮಾಡಿದರೆ ಸುಲಭ. ಮೊದಲ ದಿನ ಒಂದೇ ಚೆಂಡು ಎದ್ದಿತು, ಹನ್ನೊಂದನೇ ದಿನ ಮೂರೂ.

ಮೂರು ವಾರ ಜಗಲಿಯ ಒರಗು ಕುರ್ಚಿಯಲ್ಲೇ ಮಲಗಿದೆ. ಕೆಮ್ಮು ಬಂದರೆ ದಿಂಬು ಒತ್ತಿ ಹಿಡಿದು ಕೆಮ್ಮುವುದು. ಹಾಲು ಕರೆಯುವುದನ್ನು ಮಗ ಕಲಿತ. ಬೂದು ದನ ಅವನಿಗೆ ಎರಡು ಸಲ ಒದ್ದಿತು, ಎದೆಗಲ್ಲ, ಪುಣ್ಯ.

ಒಂಬತ್ತು ದಿನ ಬಿಟ್ಟು ಎರಡನೇ ಸ್ಕ್ಯಾನ್, 800 ರೂಪಾಯಿ. ಈ ಸಲ ಮೊದಲೇ ಫೋನ್ ಮಾಡಿ ಮೇಡಂ ಎಷ್ಟು ಹೊತ್ತಿಗೆ ಬರುತ್ತಾರೆ ಕೇಳಿಕೊಂಡೇ ಹೋದೆ. ನೀರು ಕುಡಿಯಿರಿ ಅಂತ ಅದೇ ಹುಡುಗಿ ಮತ್ತೆ ಹೇಳಿದಳು. ನಾನು ಕುಡಿಯಲಿಲ್ಲ. ಎದೆಯ ಕೆಳಗೆ ನಿಂತಿದ್ದ ನೀರು ಹೆಚ್ಚೂಕಮ್ಮಿ ಆರಿತ್ತು. ಮೂಳೆಯ ಮೆಟ್ಟಿಲು ಹಾಗೇ ಇತ್ತು. ಅದು ಕೂಡಲು ಆರು ವಾರ ಬೇಕು, ಎಳೆ ಮೂಳೆ ಇನ್ನೂ ನಿಧಾನ, ಮತ್ತೆ ಮತ್ತೆ ಸ್ಕ್ಯಾನ್ ಬೇಡ ಅಂದರು.

ಮೊದಲ ಸ್ಕ್ಯಾನಿನಲ್ಲಿ ಕೊಟ್ಟಿದ್ದ ಚಿತ್ರ, ಬಸ್ ಟಿಕೆಟಿನ ಥರದ ನುಣುಪು ಕಾಗದದಲ್ಲಿ ಬರುತ್ತದಲ್ಲ, ಅದನ್ನು ಅತ್ತೆ ಇಸಿದುಕೊಂಡು ಪಂಚಾಂಗದೊಳಗೆ ಇಟ್ಟಿದ್ದರು. ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸುವುದು. "ನೋಡಿ, ಇಲ್ಲಿ ಮೆಟ್ಟಿಲು ಕಾಣ್ತದಲ್ಲ, ಇದೇ ಮುರಿದಿದ್ದು. ಪಾಪ, ಇದನ್ನ ಇಟ್ಕೊಂಡು ಹತ್ತು ದಿನ ಕೆಲಸ ಮಾಡಿದಾಳೆ." ತಲೆಕೆಳಗಾಗಿ ಹಿಡಿದು ತೋರಿಸಿದರೂ ನಾನು ತಿದ್ದಲಿಲ್ಲ. ಆ ಕಾಗದದ ಚಿತ್ರ ದಿನ ಕಳೆದಂತೆ ಮಾಸಿ ಹೋಗುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ ಅಂತ ಅಕ್ಕನ ಮಗಳು ಹೇಳಿದ್ದಳು. ಅದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಹೋದ ವಾರ ಸಂತೆಗೆ ಹೋಗುವ ಮೊಮ್ಮಗನ ಕೈಯಲ್ಲಿ ಅದನ್ನು ಕೊಟ್ಟು, ಮಾಸದ ಹಾಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಾ ಅಂದಿದ್ದಾರೆ. ಆ ಕಾಗದಕ್ಕೆ ಬಿಸಿ ತಾಗಿದರೆ ಏನಾಗುತ್ತದೆ ಅಂತ ಯಾರಿಗೂ ಹೊಳೆದಿಲ್ಲ. ಮೆಷಿನ್ನಿನಿಂದ ಹೊರಗೆ ಬಂದಿದ್ದು ಪೂರ್ತಿ ಕಪ್ಪು, ಮೆಟ್ಟಿಲೂ ಇಲ್ಲ, ಗೆರೆಯೂ ಇಲ್ಲ.

ಅತ್ತೆ ಅದನ್ನೂ ಪಂಚಾಂಗದಲ್ಲೇ ಇಟ್ಟಿದ್ದಾರೆ. ನಿನ್ನೆ ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು.